ಇಬ್ಬರು ತರುಣರು, ಒಂದು ಡ್ರಮ್ಮು, ಒಂದು ಯಂತ್ರ

ಎರಡು ಸಂಚಿಕೆಗಳ ಹಿಂದೆ ಇದೇ ಅಂಕಣದಲ್ಲಿ ಜರ್ಮನಿಯ ‘ಡಾಫ್’ ತಂಡದ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಎಲೆಕ್ಟ್ರಾನಿಕ್ ಬಾಡಿ ಮ್ಯೂಸಿಕ್ ಎಂಬ ಸಂಗೀತಪ್ರಕಾರಕ್ಕೆ ಬುನಾದಿ ಹಾಕಿದ ಇಬ್ಬರು ತರುಣರ ತಂಡ ಅದು ಎಂದಷ್ಟೇ ಹೇಳಿ ಮುಂದಕ್ಕೆ ಹೋಗಿದ್ದೆ. ಆ ನಾಲ್ಕು ಸಾಲಿಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದಲೇ ಇಷ್ಟು ಪತ್ರಗಳು ಬರುತ್ತವೆಂದು ಎಣಿಸಿರಲಿಲ್ಲ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇನೆ.

ಪ್ರಶ್ನೆ: ಈ ಇಬ್ಬರು ಯಾರು? ‘ಬಾಡಿ ಮ್ಯೂಸಿಕ್’ ಎಂದರೆ ಜಿಮ್‌ನಲ್ಲಿ ಹಾಕುವ ಸಂಗೀತವೇ?
(ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಹಾಡುಗಾರ ಗಾಬಿ ಡೆಲ್ಗಾಡೊ-ಲೋಪೆಸ್ 1958ರಲ್ಲಿ ಸ್ಪೇನ್ ದೇಶದ ಕೋರ್ಡೊಬಾ ನಗರದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮನೆಯವರೊಂದಿಗೆ ಪಶ್ಚಿಮ ಜರ್ಮನಿಗೆ ಬಂದವರು. ಡ್ರಮ್ ವಾದಕ ರೋಬರ್ಟ್ ಗ್ಯೋರ್ಲ್ 1955ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿದವರು. ತಾಳವಾದ್ಯವನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದವರು. 1978ರಲ್ಲಿ ಡ್ಯುಸೆಲ್‌ಡಾರ್ಫ್ ಮತ್ತು ವುಪ್ಪರ್ಟಾಲ್ ನಗರಗಳ ಆಸುಪಾಸಿನಲ್ಲಿ ತಂಡ ಕಟ್ಟಿದಾಗ ಅವರು ಇಬ್ಬರೇ ಇರಲಿಲ್ಲ. ಗಿಟಾರ್, ಬಾಸ್, ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ನುಡಿಸುವವರೂ ಇದ್ದರು. ತಂಡ ಲಂಡನ್ನಿಗೆ ಹೋಯಿತು, ಕೈಯಲ್ಲಿ ಕಾಸಿಲ್ಲದೆ ದಿನ ದೂಡಿತು, 1980ರಲ್ಲಿ ಆಗಷ್ಟೇ ಹುಟ್ಟಿದ್ದ ‘ಮ್ಯೂಟ್’ ಎಂಬ ಧ್ವನಿಮುದ್ರಣ ಸಂಸ್ಥೆಗೆ ಅದರ ಮೊಟ್ಟಮೊದಲ ಪೂರ್ಣ ಆಲ್ಬಮ್ ಕೊಟ್ಟಿತು. ಆ ಹೊತ್ತಿಗೆ ಒಬ್ಬೊಬ್ಬರಾಗಿ ಉಳಿದವರು ಹೊರಟುಹೋದರು. ಉಳಿದ ಇಬ್ಬರು ‘ವರ್ಜಿನ್’ ಸಂಸ್ಥೆಗಾಗಿ 1981 ಮತ್ತು 1982ರಲ್ಲಿ ‘ಆಲ್ಲೆಸ್ ಇಸ್ಟ್ ಗೂಟ್’, ‘ಗೋಲ್ಡ್ ಉಂಡ್ ಲೀಬೆ’, ‘ಫ್ಯೂರ್ ಇಮ್ಮರ್’ ಎಂಬ ಮೂರು ಆಲ್ಬಮ್‌ಗಳನ್ನು ಮಾಡಿದರು. ಇವುಗಳಲ್ಲಿ ಮೊದಲನೆಯದು ಬಂದಾಗ ಗಾಬಿಗೆ 22 ವರ್ಷ, ರೋಬರ್ಟ್‌ಗೆ 25.

ಹೆಸರಿನ ವಿಷಯಕ್ಕೆ ಬಂದರೆ, ತಮ್ಮ ಸಂಗೀತವನ್ನು ಅವರು ‘ಕ್ಯೋರ್ಪರ್‌ಮುಸೀಕ್’ ಎಂದು ಕರೆದುಕೊಂಡರು. ‘ಕ್ಯೋರ್ಪರ್’ ಎಂದರೆ ಮೈ, ಶರೀರ. ‘ಎಲೆಕ್ಟ್ರಾನಿಕ್ ಬಾಡಿ ಮ್ಯೂಸಿಕ್’ ಎಂಬ ಇಂಗ್ಲಿಷ್ ಪದವನ್ನು ಕ್ರಾಫ್ಟ್‌ವರ್ಕ್ ತಂಡದ ರಾಲ್ಫ್ ಹ್ಯೂಟರ್ 1978ರಷ್ಟು ಹಿಂದೆಯೇ ಬಳಸಿದ್ದರು. ಬೆಲ್ಜಿಯಂನ ‘ಫ್ರಂಟ್ 242’ ತಂಡ 1984ರಲ್ಲಿ ಅದನ್ನು ತನ್ನ ಸಂಗೀತಕ್ಕೆ ಅಂಟಿಸಿಕೊಂಡ ಮೇಲೆ ಅದು ಒಂದು ಪ್ರಕಾರದ ಹೆಸರಾಗಿ ನಿಂತಿತು. ಜಿಮ್‌ನಲ್ಲಿ ಹಾಕುವುದಕ್ಕೆ ಅಡ್ಡಿಯೇನಿಲ್ಲ. ಆದರೆ ‘ಬಾಡಿ’ ಎಂಬ ಮಾತಿನ ಅರ್ಥ ಬೇರೆ. ಈ ಸಂಗೀತ ಮೊದಲು ಎದೆಗೂ ಕಾಲಿಗೂ ತಾಕುತ್ತದೆ, ಆಮೇಲೆ ತಲೆಗೆ ಹೋಗುತ್ತದೆ. ಡೊಳ್ಳಿನ ಎದುರು ನಿಂತು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ತಂಡದ ಪೂರ್ಣ ಹೆಸರೇನು, ಅದರ ಅರ್ಥವೇನು?
(ಜಗಳೂರು)

ಉತ್ತರ: ‘ಡಾಯ್ಚ್ ಅಮೆರಿಕಾನಿಶೆ ಫ್ರಾಯ್ಂಡ್‌ಶಾಫ್ಟ್’, ಅಂದರೆ ಜರ್ಮನ್ ಅಮೆರಿಕನ್ ಸ್ನೇಹ. ಆಗ ಜರ್ಮನಿ ಎರಡು ಹೋಳಾಗಿತ್ತು. ಪೂರ್ವದಲ್ಲಿ ಜರ್ಮನ್ ಸೋವಿಯತ್ ಸ್ನೇಹಕ್ಕೆಂದೇ ಒಂದು ದೊಡ್ಡ ಅಧಿಕೃತ ಸಂಘವಿತ್ತು. ಪಶ್ಚಿಮದಲ್ಲಿ ಅಮೆರಿಕದ ಸೇನೆ ಬೀಡುಬಿಟ್ಟಿತ್ತು. ಸರ್ಕಾರಿ ಫಲಕದ ಮೇಲಿರಬೇಕಾದ ಮಾತೊಂದನ್ನು ಎತ್ತಿಕೊಂಡು ಪಂಕ್ (ಒರಟು, ಬಂಡಾಯದ ರಾಕ್) ತಂಡದ ಹೆಸರಾಗಿಸಿದ್ದು ಅವರ ರೀತಿಗೆ ಒಪ್ಪುವಂಥದು. ಮುಂದೆ ಬರುವ ಒಂದು ಪ್ರಶ್ನೆಗೂ ಇದರೊಂದಿಗೆ ಸಂಬಂಧವಿದೆ.

ಪ್ರಶ್ನೆ: ನನ್ನ ಮಗ ಹೇಳುವ ಪ್ರಕಾರ ಇವರೆಲ್ಲ ಕ್ರಾಫ್ಟ್‌ವರ್ಕ್ ತಂಡದ ಶಿಷ್ಯರು. ಅದು ನಿಜವೇ? ಇವರ ಮೇಲೆ ನಿಜವಾಗಿ ಪ್ರಭಾವ ಬೀರಿದ್ದು ಯಾವುದು?
(ನಿವೃತ್ತ ಶಿಕ್ಷಕರು, ಚಿತ್ರದುರ್ಗ)

ಉತ್ತರ: ತಮ್ಮ ಮಗ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಕ್ರಾಫ್ಟ್‌ವರ್ಕ್ ಹುಟ್ಟಿದ್ದು 1970ರಲ್ಲಿ, ಇದೇ ಡ್ಯುಸೆಲ್‌ಡಾರ್ಫ್‌ನಲ್ಲಿ. ವಿದ್ಯುನ್ಮಾನ ವಾದ್ಯಗಳಿಂದಲೇ ಇಡೀ ಹಾಡನ್ನು ಕಟ್ಟಬಹುದು ಎಂಬುದನ್ನು ಜನಕ್ಕೆ ತೋರಿಸಿಕೊಟ್ಟವರು ಅವರೇ. ಆದರೆ ಗಾಬಿ ಮತ್ತು ರೋಬರ್ಟ್ ಬೆಳೆದ ಓಣಿ ಬೇರೆ. ಕ್ರಾಫ್ಟ್‌ವರ್ಕ್‌ನವರು ಇಸ್ತ್ರಿ ಮಾಡಿದ ಅಂಗಿ, ಟೈ ಧರಿಸಿ, ಮೈ ಅಲುಗಿಸದೆ ವೇದಿಕೆಯ ಮೇಲೆ ನಿಲ್ಲುತ್ತಿದ್ದರು. ಡಾಫ್‌ನ ಇಬ್ಬರು ಪಂಕ್ ಹುಡುಗರ ಅಡ್ಡೆಯಾಗಿದ್ದ ‘ರಾಟಿಂಗರ್ ಹೋಫ್’ ಎಂಬ ಪಾನಗೃಹದ ವಾತಾವರಣದಲ್ಲಿ ಬೆಳೆದವರು. ಡ್ಯುಸೆಲ್‌ಡಾರ್ಫ್‌ನ ಹಳೆಯ ಪೇಟೆಯಲ್ಲಿದ್ದ ಆ ಜಾಗಕ್ಕೆ ಹತ್ತಿರದ ಕಲಾ ಅಕಾಡೆಮಿಯ ವಿದ್ಯಾರ್ಥಿಗಳೂ ಬರುತ್ತಿದ್ದರು. ಚಿತ್ರ ಬರೆಯುವವರು, ವಾದ್ಯ ಮುಟ್ಟಿಯೇ ಗೊತ್ತಿಲ್ಲದವರು, ಎಲ್ಲರೂ ಅಲ್ಲಿ ತಂಡ ಕಟ್ಟುತ್ತಿದ್ದ ಕಾಲ ಅದು. ನುಡಿಸಲು ಬಾರದಿದ್ದರೂ ಪರವಾಗಿಲ್ಲ, ಹೇಳುವ ಮಾತಿದ್ದರೆ ಸಾಕು ಎಂಬ ಧೈರ್ಯ ಅವರಿಗೆ ಸಿಕ್ಕಿದ್ದು ಅಲ್ಲಿಂದ.

ಎರಡನೆಯದು ಡಿಸ್ಕೊ. ಇದನ್ನು ಬಹಳ ಮಂದಿ ಮರೆಯುತ್ತಾರೆ. 1977ರಲ್ಲಿ ಮ್ಯೂನಿಕ್‌ನಲ್ಲಿ ಕೆಲಸ ಮಾಡುತ್ತಿದ್ದ ಇಟಲಿ ಮೂಲದ ಜೋರ್ಜೊ ಮೊರೊಡರ್ ಅವರು ಡೊನ್ನಾ ಸಮ್ಮರ್ ಅವರ ‘ಐ ಫೀಲ್ ಲವ್’ ಹಾಡಿಗೆ ಸಿಂಥಸೈಜರಿನಿಂದಲೇ ಬಾಸ್, ಅಂದರೆ ತಗ್ಗು ಸ್ವರದ ಸಾಲು, ನುಡಿಸಿದರು. ಒಂದೇ ಅಚ್ಚಿನ ಸ್ವರಗುಚ್ಛ ಮತ್ತೆ ಮತ್ತೆ ಸುತ್ತಿ ಬರುತ್ತಿದ್ದರೂ ಬೇಸರವೆನಿಸದೆ ಕಾಲು ತಾನಾಗಿ ಏಳುತ್ತದೆ ಎಂಬುದು ಆಗ ಲೋಕಕ್ಕೆ ಗೊತ್ತಾಯಿತು. ಡಾಫ್ ಈ ತಿಳಿವಳಿಕೆಯನ್ನು ತೆಗೆದುಕೊಂಡು, ಅದರ ಮೇಲಿದ್ದ ಥಳಕನ್ನೆಲ್ಲ ಸುಲಿದು, ಪಂಕ್‌ನ ಒರಟುತನವನ್ನು ತುಂಬಿತು. ಒಬ್ಬರು ಹಾಡಿ ಇನ್ನೊಬ್ಬರು ಯಂತ್ರ ನಡೆಸುವ ಇಬ್ಬರದೇ ತಂಡ ಎಂಬ ಕಲ್ಪನೆಗೂ ಮೇಲ್ಪಂಕ್ತಿ ಇತ್ತು: ನ್ಯೂಯಾರ್ಕ್‌ನ ಆಲನ್ ವೇಗಾ ಮತ್ತು ಮಾರ್ಟಿನ್ ರೆವ್ ಅವರ ‘ಸೂಯಿಸೈಡ್’ ತಂಡದ ಮೊದಲ ಆಲ್ಬಮ್ ಕೂಡ 1977ರದೇ.

ಮೂರನೆಯದನ್ನು ಸಂಗೀತದ ಪಟ್ಟಿಗೆ ಯಾರೂ ಸೇರಿಸುವುದಿಲ್ಲ, ನನಗೆ ಮಾತ್ರ ಅದೇ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಯುದ್ಧಾನಂತರದ ಪಶ್ಚಿಮ ಜರ್ಮನಿ ತನ್ನ ಗಣಿಗಳಿಗೂ ಕಾರ್ಖಾನೆಗಳಿಗೂ ಹೊರದೇಶಗಳಿಂದ ಆಳುಗಳನ್ನು ಕರೆಸಿಕೊಂಡಿತು. 1955ರಲ್ಲಿ ಇಟಲಿಯೊಂದಿಗೆ, 1960ರಲ್ಲಿ ಸ್ಪೇನ್ ಮತ್ತು ಗ್ರೀಸ್‌ನೊಂದಿಗೆ, 1961ರಲ್ಲಿ ಟರ್ಕಿಯೊಂದಿಗೆ ಒಪ್ಪಂದಗಳಾದವು. ಬಂದವರನ್ನು ‘ಅತಿಥಿ ಕೆಲಸಗಾರರು’ ಎಂದು ಕರೆದರು. ಅತಿಥಿ ಎಂದ ಮೇಲೆ ಒಂದು ದಿನ ಹೊರಡಲೇಬೇಕು ಎಂಬ ಅರ್ಥ ಆ ಮಾತಿನಲ್ಲೇ ಅಡಗಿತ್ತು. ಫ್ರಾಂಕೋನ ಸರ್ವಾಧಿಕಾರದ ಸ್ಪೇನ್‌ನಿಂದ ಬಂದ ಹುಡುಗ ಗಾಬಿ ಬೆಳೆದದ್ದು ಈ ಜರ್ಮನಿಯಲ್ಲಿ. ಮನೆಯ ನುಡಿ ಒಂದು, ಬೀದಿಯ ನುಡಿ ಇನ್ನೊಂದು. ಆ ಕಾಲದ ಜರ್ಮನ್ ರಾಕ್ ತಂಡಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿ ಹಾಡುತ್ತಿದ್ದಾಗ, ಜರ್ಮನ್ ಭಾಷೆಯನ್ನು ಹಾಡಿಗೆ ತಂದು, ಅದನ್ನು ಆಜ್ಞೆಗಳಂತೆ, ಕೂಗುಗಳಂತೆ, ಎರಡು ಮೂರು ಪದಗಳ ತುಣುಕುಗಳಾಗಿ ಮುರಿದು ಎಸೆದವರಲ್ಲಿ ಸ್ಪೇನ್‌ನಲ್ಲಿ ಹುಟ್ಟಿದ ಈ ಹುಡುಗ ಮುಂಚೂಣಿಯಲ್ಲಿದ್ದದ್ದು ಆಕಸ್ಮಿಕವೆಂದು ನಾನು ಒಪ್ಪುವುದಿಲ್ಲ. ಹುಟ್ಟಿನಿಂದ ಬಂದ ಭಾಷೆಯ ಸದ್ದು ನಮ್ಮ ಕಿವಿಗೆ ಬೀಳುವುದಿಲ್ಲ, ಅರ್ಥವೇ ಮೊದಲು ಬಂದುಬಿಡುತ್ತದೆ. ಹೊರಗಿನಿಂದ ಬಂದು ಕಲಿತವರಿಗೆ ಒಂದೊಂದು ವ್ಯಂಜನದ ಪೆಟ್ಟೂ ಕೇಳಿಸುತ್ತದೆ. ಮೊಳಕಾಲ್ಮೂರಿನಿಂದಲೋ ಜಗಳೂರಿನಿಂದಲೋ ಬರಗಾಲದ ವರ್ಷ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದವರ ಮಕ್ಕಳು ನಗರದ ಮಾತನ್ನು ಹೇಗೆ ಕಿವಿಗೊಟ್ಟು ಆಲಿಸುತ್ತಾರೆಂಬುದನ್ನು ಅಂಥ ಶಾಲೆಗಳಲ್ಲಿ ಪಾಠ ಹೇಳಿದ ತಮ್ಮಂಥವರು ನನಗಿಂತ ಚೆನ್ನಾಗಿ ಬಲ್ಲಿರಿ.

ಪ್ರಶ್ನೆ: ನಮ್ಮ ತಂದೆಯವರು ಮೂವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದು ಕಿವಿ ಮಂದ ಮಾಡಿಕೊಂಡವರು. ಯಂತ್ರದ ಸದ್ದನ್ನು ಸಂಗೀತವೆಂದು ಕರೆಯುವುದು ದುಡಿಯುವವರ ಕಷ್ಟವನ್ನು ಆಟದ ಸಾಮಾನು ಮಾಡಿಕೊಂಡಂತೆ ಆಗುವುದಿಲ್ಲವೇ?
(ಹರಿಹರ)

ಉತ್ತರ: ಬಂದ ಪತ್ರಗಳಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿದ್ದು ತಮ್ಮ ಈ ಪ್ರಶ್ನೆ. ಸುಲಭವಾದ ಉತ್ತರ ಕೊಟ್ಟು ತಪ್ಪಿಸಿಕೊಳ್ಳಲಾರೆ.

ಕಾರ್ಖಾನೆಯ ಸದ್ದನ್ನೇ ನೇರವಾಗಿ ಸಂಗೀತಕ್ಕೆ ತಂದವರಿದ್ದಾರೆ. ಡ್ಯುಸೆಲ್‌ಡಾರ್ಫ್‌ನದೇ ಆದ ‘ಡೀ ಕ್ರುಪ್ಸ್’ ತಂಡ ಎಸ್ಸೆನ್ ನಗರದ ಉಕ್ಕಿನ ಮನೆತನದ ಹೆಸರಿಟ್ಟುಕೊಂಡು, ಲೋಹದಿಂದ ‘ಸ್ಟಾಲೋಫೋನ್’ ಎಂಬ ವಾದ್ಯ ಮಾಡಿ ಬಡಿಯಿತು. ಅವರ 1981ರ ಪ್ರಸಿದ್ಧ ಹಾಡಿನ ಶೀರ್ಷಿಕೆಯೇ ‘ನಿಜವಾದ ದುಡಿಮೆ, ನಿಜವಾದ ಕೂಲಿ’ ಎಂಬರ್ಥದ್ದು. ಡಾಫ್ ಹಾಗೆ ಮಾಡಲಿಲ್ಲ. ಅವರ ಆಲ್ಬಮ್‌ಗಳಲ್ಲಿ ಕಾರ್ಖಾನೆಯನ್ನು ಅನುಕರಿಸುವ ಸದ್ದಿಗಿಂತ, ನಿಲ್ಲದೆ ಓಡುವ ಒಂದು ಯಂತ್ರ ಮತ್ತು ಅದರ ಪಕ್ಕದಲ್ಲಿ ಬೆವರುವ ಒಂದು ಮೈ, ಇವೆರಡರ ಜಟಾಪಟಿ ಕೇಳಿಸುತ್ತದೆ. ಹೇಗೆಂದು ಹೇಳುತ್ತೇನೆ.

ಅವರು ಬಳಸಿದ್ದು 1978ರಲ್ಲಿ ಮಾರುಕಟ್ಟೆಗೆ ಬಂದ ಕೊರ್ಗ್ ಸಂಸ್ಥೆಯ ಎಂಎಸ್-20 ಸಿಂಥಸೈಜರ್ ಮತ್ತು ಎಸ್‌ಕ್ಯೂ-10 ಎಂಬ ಸೀಕ್ವೆನ್ಸರ್. ಸೀಕ್ವೆನ್ಸರ್ ಎಂದರೆ ಸ್ವರಗಳನ್ನು ಸರದಿಯಲ್ಲಿ ಕಳಿಸುವ ಪೆಟ್ಟಿಗೆ. ಅದರ ಮುಖದ ಮೇಲೆ ಒಂದೊಂದು ಸಾಲಿಗೆ 12ರಂತೆ ಮೂರು ಸಾಲು ತಿರುಗಣೆಗಳಿವೆ. ಒಂದೊಂದು ತಿರುಗಣೆ ಇಂತಿಷ್ಟು ವೋಲ್ಟೇಜನ್ನು ಸಿಂಥಸೈಜರಿಗೆ ಕಳಿಸುತ್ತದೆ. ವೋಲ್ಟೇಜ್ ಹೆಚ್ಚಿದರೆ ಸ್ವರ ಮೇಲಕ್ಕೆ, ಇಳಿದರೆ ಕೆಳಕ್ಕೆ. ಹನ್ನೆರಡು ಮನೆಗಳನ್ನು ದಾಟಿ ಮತ್ತೆ ಮೊದಲನೆಯದಕ್ಕೆ ಬರುವುದು, ಮತ್ತೆ ಹೊರಡುವುದು, ಇಷ್ಟೇ ಅದರ ಕೆಲಸ. ಅದಕ್ಕೆ ದಣಿವಿಲ್ಲ, ಪಕ್ಕದವನು ದಣಿದನೆಂಬ ಅರಿವೂ ಇಲ್ಲ. ಆ ಬಾಸ್ ಸುರುಳಿಯ ಮೇಲೆ ರೋಬರ್ಟ್ ಗ್ಯೋರ್ಲ್ ನಿಜವಾದ ಡ್ರಮ್ಮನ್ನು ಕೈಯಿಂದಲೇ ನುಡಿಸುತ್ತಿದ್ದರು. ತಾಳವನ್ನೂ ಯಂತ್ರಕ್ಕೆ ಒಪ್ಪಿಸಿಬಿಡುವ ಅನುಕೂಲ ಆ ಕಾಲಕ್ಕೆ ಬಂದಿತ್ತು, ಅವರು ಒಪ್ಪಿಸಲಿಲ್ಲ. ಹೆಡ್‌ಫೋನಿನಲ್ಲಿ ಕಣ್ಣುಮುಚ್ಚಿ ಕೇಳಿದರೆ, ಬಾಸ್ ಗೆರೆ ಹೊಡೆದಂತೆ ಸಾಗುತ್ತಿರುವಾಗ ಡ್ರಮ್ಮಿನ ಪೆಟ್ಟು ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ ಬೀಳುವುದು ಗೊತ್ತಾಗುತ್ತದೆ. ಆ ಕೂದಲೆಳೆಯ ಜಾಗದಲ್ಲಿಯೇ ಈ ಸಂಗೀತದ ಜೀವವಿದೆ.

ಮೊಳಕಾಲ್ಮೂರಿನಲ್ಲಿ ಒಮ್ಮೆ ರೇಷ್ಮೆ ಸೀರೆ ನೇಯುವವರೊಬ್ಬರ ಮನೆಯಲ್ಲಿ ಅರ್ಧ ದಿನ ಕುಳಿತಿದ್ದೆ. ಗುಂಡಿಗೆ ಕಾಲು ಇಳಿಬಿಟ್ಟು ಕುಳಿತ ಆ ಹಿರಿಯರು ಕಾಲುಮಣೆ ತುಳಿದಂತೆ ಲಾಳಿ ಅತ್ತಿತ್ತ ಹಾಯುತ್ತಿತ್ತು. ಎಳೆಯೊಂದು ತುಂಡಾದರೆ ಸದ್ದು ನಿಲ್ಲುತ್ತಿತ್ತು. ಅವರು ಬಾಗಿ, ಎಳೆಯನ್ನು ಬೆರಳ ತುದಿಯಲ್ಲಿ ಹೊಸೆದು ಗಂಟು ಹಾಕಿ, ಮತ್ತೆ ತುಳಿಯುತ್ತಿದ್ದರು. ಪವರ್‌ಲೂಮ್ ನಿಮ್ಮ ಕಾಲಿಗೆ ಕಾಯುವುದಿಲ್ಲ, ಅದಕ್ಕೆ ನೀವೇ ಓಡಿ ಹೊಂದಿಕೊಳ್ಳಬೇಕು ಎಂದು ಅವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಡಾಫ್ ಕೇಳುವಾಗಲೆಲ್ಲ ಅದು ನೆನಪಾಗುತ್ತದೆ. ಕಾಯದ ಯಂತ್ರದ ಪಕ್ಕದಲ್ಲಿ ನಿಂತ ಮನುಷ್ಯ ಏನು ಮಾಡಬೇಕು? ಈ ಇಬ್ಬರು ಅದರ ಎದುರು ಕುಣಿದರು. ‘ಆಲ್ಲೆಸ್ ಇಸ್ಟ್ ಗೂಟ್’ ಆಲ್ಬಮ್ಮಿನ ಹೊದಿಕೆಯ ಮೇಲೆ ಬರಿಮೈಯಲ್ಲಿರುವ ಗಾಬಿಯ ಚರ್ಮದ ಮೇಲೆ ಬೆವರ ಹನಿಗಳು ನಿಂತಿರುವುದನ್ನು ನೋಡಬಹುದು.

ತಮ್ಮ ತಂದೆಯವರ ಕಿವಿಗೆ ಆದ ಹಾನಿಗೆ ಇದು ಸಮಾಧಾನವಲ್ಲವೆಂದು ಬಲ್ಲೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಮ್ಮೆಯಿಂದ ಕರೆಯುವಾಗ ಹತ್ತಿಗಿರಣಿಗಳ ಒಳಗೆ ದುಡಿದವರ ಕಿವಿ, ಶ್ವಾಸಕೋಶಗಳನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಪಾಳಿ ಮುಗಿಸಿ ಬಂದವರಿಗೆ ಈ ಸಂಗೀತ ಹಿಡಿಸದಿದ್ದರೆ ಅದು ಅವರ ಹಕ್ಕು, ಅದರಲ್ಲಿ ತಿಳಿವಳಿಕೆಯ ಕೊರತೆಯೇನೂ ಇಲ್ಲ.

ಪ್ರಶ್ನೆ: ಇವರ ಪ್ರಸಿದ್ಧ ಹಾಡಿನಲ್ಲಿ ಮುಸೊಲಿನಿ, ಹಿಟ್ಲರ್ ಹೆಸರು ಹೇಳಿ ಕುಣಿಯಿರಿ ಎನ್ನುತ್ತಾರಂತೆ. ಇಂಥವರನ್ನು ಓದುಗರಿಗೆ ಪರಿಚಯಿಸುವುದು ಸರಿಯೇ?
(ಚಿತ್ರದುರ್ಗ)

ಉತ್ತರ: 1981ರ ‘ಆಲ್ಲೆಸ್ ಇಸ್ಟ್ ಗೂಟ್’ ಆಲ್ಬಮ್ಮಿನ ‘ಡೆರ್ ಮುಸೊಲಿನಿ’ ಹಾಡಿನಲ್ಲಿ ಆ ಎರಡು ಹೆಸರುಗಳ ಜೊತೆಗೆ ಯೇಸು ಕ್ರಿಸ್ತನ ಹೆಸರೂ, ಕಮ್ಯುನಿಸಮ್ ಎಂಬ ಮಾತೂ ಬರುತ್ತವೆ. ಎಲ್ಲವನ್ನೂ ಒಂದೇ ಧ್ವನಿಯಲ್ಲಿ, ಒಂದೇ ಅಳತೆಯಲ್ಲಿ, ಕೈ ಚಪ್ಪಾಳೆ ತಟ್ಟಿಸುವ, ಸೊಂಟ ಅಲುಗಿಸುವ ಕುಣಿತದ ಆಜ್ಞೆಗಳಾಗಿ ಇಳಿಸಿಬಿಡುತ್ತಾರೆ. ಪಶ್ಚಿಮ ಜರ್ಮನಿಯಲ್ಲಿ ಆ ಹೆಸರುಗಳನ್ನು ಪಿಸುಮಾತಿನಲ್ಲಿ ಮಾತ್ರ ಆಡುತ್ತಿದ್ದ ಮನೆಗಳ ಮಕ್ಕಳು ಅವುಗಳನ್ನು ನೃತ್ಯದ ಅಂಗಳಕ್ಕೆ ಎಳೆದು ತಂದಾಗ ದೊಡ್ಡ ಗದ್ದಲವಾಯಿತು. ಸರ್ವಾಧಿಕಾರಿಯ ಆಜ್ಞೆಗೆ ಕಾಲು ಕುಣಿಸುವುದು ಎಷ್ಟು ಸುಲಭ ಎಂಬುದನ್ನು ಕುಣಿಯುವವನ ಕಾಲಿಗೇ ತೋರಿಸುವ ಹಾಡು ಎಂದು ನಾನು ಅದನ್ನು ಓದುತ್ತೇನೆ. ಹಾಡಿದವರು ಫ್ರಾಂಕೋನ ಸ್ಪೇನ್‌ನಲ್ಲಿ ಹುಟ್ಟಿದವರೆಂಬುದನ್ನು ಮರೆಯಬಾರದು. ಸರ್ವಾಧಿಕಾರ ಅವರಿಗೆ ಪಠ್ಯಪುಸ್ತಕದ ಸಂಗತಿಯಾಗಿರಲಿಲ್ಲ.

ಹಾಗೆಂದು ತಮ್ಮ ಆತಂಕವನ್ನು ತಳ್ಳಿಹಾಕಲಾರೆ. ಹಾಡು ತನ್ನ ಉದ್ದೇಶವನ್ನು ವಿವರಿಸುವುದಿಲ್ಲ, ಕೇಳುವವನ ಕೈಗೆ ಬಿಟ್ಟುಬಿಡುತ್ತದೆ. ಅರ್ಥ ಅರಿಯದೆ ಕೂಗನ್ನಷ್ಟೇ ಹಿಡಿದುಕೊಳ್ಳುವವರಿಗೆ ಅದು ಅಪಾಯಕಾರಿಯೇ. ಅದೇ ಆಲ್ಬಮ್ಮಿನಲ್ಲಿರುವ ‘ಡೆರ್ ರೊಯ್ಬರ್ ಉಂಡ್ ಡೆರ್ ಪ್ರಿನ್ಸ್’ ಎಂಬ ಹಾಡನ್ನು ಇದರ ಜೊತೆಗಿಟ್ಟು ಕೇಳಬೇಕೆಂದು ಕೋರುತ್ತೇನೆ. ಕಾಡಿನ ದರೋಡೆಕೋರನೊಬ್ಬ ರಾಜಕುಮಾರನನ್ನು ಪ್ರೀತಿಸುವ ಕಥೆ ಅದು. ಮಕ್ಕಳ ಆಟಿಕೆಯ ಗಂಟೆಯಂಥ ಮೆಲುದನಿ, ಗುಟ್ಟು ಹೇಳುವಂಥ ಗಾಯನ. ಗಂಡು ಗಂಡನ್ನು ಪ್ರೀತಿಸುವುದನ್ನು ಇಷ್ಟು ಸಹಜವಾಗಿ ಹಾಡಿದವರನ್ನು, ಅಂಥವರನ್ನು ಶಿಬಿರಗಳಿಗೆ ದೂಡಿ ಕೊಂದ ಹಿಟ್ಲರನ ಹೊಗಳುಭಟರೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಪ್ರಶ್ನೆ: ಇವರ ಹಾಡುಗಳನ್ನು ಧ್ವನಿಮುದ್ರಿಸಿದವರು ಯಾರು? ಇಷ್ಟು ಕಡಿಮೆ ವಾದ್ಯಗಳಿದ್ದರೂ ಧ್ವನಿ ಇಷ್ಟು ದೊಡ್ಡದಾಗಿ ಕೇಳಿಸುವುದು ಹೇಗೆ?
(ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವವರು, ಹಿರಿಯೂರು)

ಉತ್ತರ: ಕಾನಿ ಪ್ಲಾಂಕ್. ಕೊಲೋನ್ ನಗರದ ಹತ್ತಿರದ ವೋಲ್ಪರಾತ್ ಎಂಬ ಹಳ್ಳಿಯಲ್ಲಿ ರೈತರ ಮನೆಯೊಂದನ್ನು ಸ್ಟುಡಿಯೋ ಮಾಡಿಕೊಂಡು ಕೆಲಸ ಮಾಡುತ್ತಿದ್ದವರು, 1987ರಲ್ಲಿ ತೀರಿಕೊಂಡರು. ಕ್ರಾಫ್ಟ್‌ವರ್ಕ್‌ನ ‘ಆಟೋಬಾನ್’ ಧ್ವನಿಮುದ್ರಣದಲ್ಲಿ ಕೈಜೋಡಿಸಿದವರೂ ಅವರೇ. ಧ್ವನಿ ದೊಡ್ಡದಾಗಿರುವುದು ವಾದ್ಯ ಕಡಿಮೆಯಿದ್ದರೂ ಅಲ್ಲ, ಕಡಿಮೆಯಿರುವುದರಿಂದಲೇ. ಬಾಸ್ ಇರುವ ಎತ್ತರದಲ್ಲಿ ಬೇರೆ ಯಾವುದೂ ಅಡ್ಡ ಬರುವುದಿಲ್ಲ, ಡ್ರಮ್ಮಿನ ಪೆಟ್ಟಿನ ಸುತ್ತ ಖಾಲಿ ಜಾಗವಿದೆ, ಮಾತು ಆ ಖಾಲಿಯಲ್ಲಿ ಬಂದು ನಿಲ್ಲುತ್ತದೆ. ತಮ್ಮ ಕಸುಬಿನವರಿಗೆ ಇದು ಗೊತ್ತಿರುವ ಸಂಗತಿಯೇ.

ಪ್ರಶ್ನೆ: ಮುಂದೆ ಅವರು ಏನಾದರು?
(ಹೊಸದುರ್ಗ)

ಉತ್ತರ: 1982ರಲ್ಲಿ ಬೇರೆಯಾದರು. 1986ರಲ್ಲಿ ಮತ್ತೆ ಸೇರಿ ಇಂಗ್ಲಿಷಿನಲ್ಲಿ ಒಂದು ಆಲ್ಬಮ್ ಮಾಡಿದರು; ಅದರಲ್ಲಿ ಹಳೆಯ ಬಿಗಿ ಇಲ್ಲವೆಂಬುದು ನನ್ನ ಅನಿಸಿಕೆ. ರೋಬರ್ಟ್ ರಸ್ತೆ ಅಪಘಾತವೊಂದರಲ್ಲಿ ತೀವ್ರವಾಗಿ ಗಾಯಗೊಂಡ ಬಳಿಕ ಬೌದ್ಧ ಧರ್ಮದತ್ತ ತಿರುಗಿದರು. 2003ರಲ್ಲಿ ಇನ್ನೊಮ್ಮೆ ಸೇರಿ ಹದಿನೈದು ಹೊಸ ಹಾಡುಗಳ ಆಲ್ಬಮ್ ತಂದರು. ಗಾಬಿ 2020ರ ಮಾರ್ಚ್ 22ರಂದು ತೀರಿಕೊಂಡರು. ಮರುವರ್ಷ ರೋಬರ್ಟ್ ಡಾಫ್ ಹೆಸರಿನಲ್ಲಿಯೇ ತಂದ ಆಲ್ಬಮ್ಮಿಗೆ ‘ನೂರ್ ನೊಖ್ ಐನರ್’ ಎಂದು ಹೆಸರಿಟ್ಟರು. ಇನ್ನು ಒಬ್ಬನೇ ಉಳಿದೆ ಎಂದು ಅದರ ಅರ್ಥ. ಅವರ ದಾರಿ ಹಿಡಿದವರಲ್ಲಿ ಇಂಗ್ಲೆಂಡಿನ ಚೆಲ್ಮ್ಸ್‌ಫರ್ಡ್‌ನ ‘ನಿಟ್ಸರ್ ಎಬ್’ ತಂಡವನ್ನು ಮೊದಲು ಕೇಳಿ. ಅವರ 1987ರ ಮೊದಲ ಆಲ್ಬಮ್‌ನಲ್ಲಿ ಡಾಫ್‌ನ ನೆರಳು ಸ್ಪಷ್ಟವಾಗಿದೆ. ಹೊಸ ತಲೆಮಾರಿನ ಜರ್ಮನ್ ಹುಡುಗರು ಇಂದಿಗೂ ಇಬ್ಬಿಬ್ಬರಾಗಿ ತಂಡ ಕಟ್ಟಿ, ಹಳೆಯ ಸಿಂಥಸೈಜರುಗಳನ್ನು ಹುಡುಕಿಕೊಂಡು ಇದೇ ಸಂಗೀತ ನುಡಿಸುತ್ತಿದ್ದಾರೆ. ಲೈಪ್ಸಿಗ್ ನಗರದಲ್ಲಿ 1992ರಿಂದ ನಡೆದುಬಂದಿರುವ ‘ವೇವ್ ಗೋಟಿಕ್ ಟ್ರೆಫೆನ್’ ಉತ್ಸವದಲ್ಲಿ ಅಂಥವರನ್ನು ಕಾಣಬಹುದು.

ಪ್ರಶ್ನೆ: ನಾನು, ನನ್ನ ಗೆಳೆಯ ಇಬ್ಬರೂ ಹಾಸ್ಟೆಲ್‌ನಲ್ಲಿದ್ದೇವೆ. ಇಂಥದೊಂದು ತಂಡ ಕಟ್ಟುವ ಆಸೆಯಿದೆ. ಹಣವಿಲ್ಲ. ಎಲ್ಲಿಂದ ಆರಂಭಿಸಬೇಕು?
(ದಾವಣಗೆರೆ)

ಉತ್ತರ: ಹಣ ಸಾಲದಿರುವುದು ಇಲ್ಲಿ ದೊಡ್ಡ ತೊಡಕಲ್ಲ. ಕೊರ್ಗ್ ಸಂಸ್ಥೆ 2013ರಲ್ಲಿ ಎಂಎಸ್-20ರ ಚಿಕ್ಕ ರೂಪವನ್ನೂ 2015ರಲ್ಲಿ ಎಸ್‌ಕ್ಯೂ-1 ಎಂಬ ಪುಟ್ಟ ಸೀಕ್ವೆನ್ಸರನ್ನೂ ಹೊರತಂದಿತು. ಆದರೆ ಅವುಗಳನ್ನು ಈಗಲೇ ಕೊಳ್ಳಬೇಡಿ. ‘ಎಲ್‌ಎಂಎಂಎಸ್’, ‘ವಿಸಿವಿ ರ‍್ಯಾಕ್’ ಎಂಬ ಉಚಿತ ತಂತ್ರಾಂಶಗಳಿವೆ. ಕಾಲೇಜಿನ ಲ್ಯಾಪ್‌ಟಾಪ್ ಸಾಕು. ತಂತ್ರಾಂಶದಲ್ಲಿ ಸಾವಿರ ಸದ್ದುಗಳಿರುತ್ತವೆ, ಅದೇ ಅದರ ತೊಂದರೆ. ಒಂದೇ ಬಾಸ್ ಸದ್ದನ್ನು ಆರಿಸಿಕೊಂಡು, ಮೂರು ತಿಂಗಳು ಅದನ್ನು ಬದಲಿಸುವುದಿಲ್ಲವೆಂದು ಇಬ್ಬರೂ ಮಾತು ಕೊಟ್ಟುಕೊಳ್ಳಿ.

ಸೀಕ್ವೆನ್ಸರಿನಲ್ಲಿ 12 ಮನೆಗಳ ಒಂದು ಸುರುಳಿ ಮಾಡಿ. ಮೂರು ಸ್ವರಕ್ಕಿಂತ ಹೆಚ್ಚು ಬೇಡ, ನಾಲ್ಕೈದು ಮನೆಗಳನ್ನು ಖಾಲಿ ಬಿಡಿ. ಅದರ ಮೇಲೆ 16 ಎಣಿಕೆಯ ತಾಳವನ್ನು ಒಬ್ಬರು ಕೈಯಿಂದ ನುಡಿಸಲಿ, ಮೇಜಿನ ಮೇಲಾದರೂ ಸರಿ. ಹನ್ನೆರಡು ನಾಲ್ಕಲಿ ನಲವತ್ತೆಂಟು, ಹದಿನಾರು ಮೂರಲಿ ನಲವತ್ತೆಂಟು. ಅಂದರೆ 48 ಎಣಿಕೆಗೊಮ್ಮೆ ಮಾತ್ರ ಎರಡರ ಮೊದಲ ಪೆಟ್ಟು ಕೂಡುತ್ತದೆ. ನಡುವೆ ಎರಡೂ ಒಂದನ್ನೊಂದು ಬಿಟ್ಟು ಓಡುತ್ತಿರುತ್ತವೆ, ಕೂಡಿದಾಗ ಮೈ ಜುಮ್ಮೆನ್ನುತ್ತದೆ. ಮನೆಯಲ್ಲಿ ಯಾರಾದರೂ ಮೃದಂಗವನ್ನೋ ತಬಲಾವನ್ನೋ ಕಲಿತಿದ್ದರೆ ಈ ಲೆಕ್ಕ ಅವರಿಗೆ ಹೊಸದಲ್ಲ, ಅವರಿಂದ ಕಲಿಯಿರಿ. ಹಾಡುವವರು ಇಂಗ್ಲಿಷಿಗೆ ಹೋಗಬೇಡಿ. ‘ಬಾ’, ‘ಹೋಗು’, ‘ತಟ್ಟು’, ‘ನಿಲ್ಲು’, ‘ಸುಮ್ಮನಿರು’ ಎಂಬಂಥ ಕನ್ನಡದ ಪುಟ್ಟ ಕ್ರಿಯಾಪದಗಳಲ್ಲಿ ಎಂಥ ಪೆಟ್ಟಿದೆ ಎಂಬುದನ್ನು ಯಂತ್ರದ ಮೇಲೆ ಹಾಡಿ ನೋಡಿದರೆ ಮಾತ್ರ ತಿಳಿಯುತ್ತದೆ.

ಡ್ರಮ್ ಸೆಟ್ ಸಿಗದಿದ್ದರೆ ಡೊಳ್ಳಿನವರನ್ನು ಕೇಳಿ. ನಮ್ಮ ಎರಡೂ ಜಿಲ್ಲೆಗಳಲ್ಲಿ ಬೀರಪ್ಪನ ಗುಡಿಯ ಸುತ್ತ ಒಳ್ಳೆಯ ತಂಡಗಳಿವೆ. ಒಂದು ಬದಿಗೆ ಕೋಲು, ಇನ್ನೊಂದು ಬದಿಗೆ ಬರಿಗೈ ಬೀಳುವುದರಿಂದ ಒಂದೇ ವಾದ್ಯದಲ್ಲಿ ಎರಡು ಧ್ವನಿ ಸಿಗುತ್ತವೆ. ಹಬ್ಬದ ದಿನಗಳಲ್ಲಿ ಅವರಿಗೆ ಬಿಡುವಿರುವುದಿಲ್ಲ, ಸುಗ್ಗಿ ಕಳೆದ ಮೇಲೆ ಹೋಗಿ. ಲ್ಯಾಪ್‌ಟಾಪಿನ ಸದ್ದು ಡೊಳ್ಳಿನ ಎದುರು ಕೇಳಿಸುವುದಿಲ್ಲವಾದ್ದರಿಂದ ಯಂತ್ರದ ಬಾಸ್ ಅನ್ನು ನುಡಿಸುವವರ ಕಿವಿಗೆ ಇಯರ್‌ಫೋನಿನಲ್ಲಿ ಕೊಡಿ. ಅವರ ಸಂಭಾವನೆಯನ್ನು ಮೊದಲೇ ಮಾತಾಡಿಕೊಳ್ಳಿ, ಧ್ವನಿಮುದ್ರಣ ಹೊರಬಂದಾಗ ಅವರ ಹೆಸರನ್ನು ನಿಮ್ಮ ಹೆಸರಿನ ಸಾಲಿನಲ್ಲಿಯೇ ಬರೆಯಿರಿ.